ಆರ್ಡರ್ ಉಂಟು, ದುಡ್ಡಿಲ್ಲ: ಮಗುವಿನ ಜೀವನಾಂಶ ವಸೂಲಿ ಮಾಡುವುದು ಯಾರ ಕೆಲಸ?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ನೋಟ್‌ಬುಕ್ಕಿಂದ ಶುರು ಮಾಡ್ತೇನೆ, ನನ್ನ ಅಕ್ಕನ ನೋಟ್‌ಬುಕ್. ನೂರು ಪೇಜಿನ ಸಿಂಗಲ್ ರೂಲ್ ಪುಸ್ತಕ, ಮಗ ಎರಡನೇ ಕ್ಲಾಸಲ್ಲಿ ಅರ್ಧ ಬರೆದು ಬಿಟ್ಟದ್ದು. ಮುಂದಿನಿಂದ ಅವನ ಕಾಪಿ ರೈಟಿಂಗ್, ಹಿಂದಿನಿಂದ ಅಕ್ಕನ ಲೆಕ್ಕ. ತಿಂಗಳು, ಬರಬೇಕಾದದ್ದು, ಬಂದದ್ದು, ಬಾಕಿ ಅಂತ ಸ್ಕೇಲ್ ಇಟ್ಟು ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದಾಳೆ. ಬರಬೇಕಾದದ್ದರಲ್ಲಿ ಮೇಲಿಂದ ಕೆಳಗಿನವರೆಗೆ 6,000, 6,000, 6,000. ಬಂದದ್ದರಲ್ಲಿ ಒಂದು ಕಡೆ 3,000, ಇನ್ನೊಂದು ಕಡೆ 2,000, ಪಕ್ಕದಲ್ಲಿ ಸಣ್ಣದಾಗಿ ಗೂಗಲ್ ಪೇ ಅಂತ ಬರ್ದದ್ದು, ಮತ್ತೆ ಉಳಿದ ತಿಂಗಳಿಗೆಲ್ಲ ಒಂದೊಂದು ಅಡ್ಡಗೆರೆ.

ಈ 6,000 ಅಕ್ಕ ಕೇಳಿದ ಮೊತ್ತ ಅಲ್ಲ, ಮಗನ ಖರ್ಚಿಗೆ ಭಾವ ತಿಂಗಳು ತಿಂಗಳು ಕೊಡ್ಬೇಕು ಅಂತ ಕೋರ್ಟ್ ಆರ್ಡರ್ ಮಾಡಿದ್ದು, ಸೀಲು ಸಹಿ ಎಲ್ಲ ಉಂಟು. ಅದು ಬಂದ ದಿನ ನಮ್ಮಮ್ಮ ದೇವರಿಗೆ ದೀಪ ಇಟ್ಟು, ಇನ್ನು ಮಗುವಿನದ್ದೊಂದು ದಾರಿ ಆಯ್ತಲ್ಲ ಅಂತ ಹೇಳಿದ್ರು, ನಾವೂ ಹಾಗೇ ನಂಬಿದ್ದು, ಯಾಕಂದ್ರೆ ಆರ್ಡರ್ ಆದ ಮೇಲೆ ದುಡ್ಡು ಬರ್ತದೆ ಅಂತಲೇ ಅಲ್ವಾ ಯಾರೂ ಅಂದ್ಕೊಳ್ಳೋದು? ಇಲ್ಲ ಮಾರಾಯ್ರೆ. ಆರ್ಡರ್ ಕೊಟ್ಟಲ್ಲಿಗೆ ಸರ್ಕಾರದ ಕೆಲಸ ಮುಗೀತದೆ. ಆ ದುಡ್ಡು ವಸೂಲಿ ಮಾಡೋದು ತಾಯಿಯ ಕೆಲಸ. ನಾನು ಇವತ್ತು ಹೇಳ್ಲಿಕ್ಕೆ ಹೊರಟದ್ದು ಇದೊಂದೇ, ಆ ಕೆಲಸ ತಾಯಿಯದ್ದು ಅಲ್ಲ, ಸರ್ಕಾರದ್ದು.

ಹೇಗೆ ನಡೀತದೆ ಅಂತ ಹೇಳ್ತೇನೆ ಕೇಳಿ. ಮೊದಲು ಜೀವನಾಂಶಕ್ಕೆ ಸಿಆರ್‌ಪಿಸಿ, ಅಂದ್ರೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಅಂತ ಇತ್ತು, 2024ರ ಜುಲೈ 1ರಿಂದ ಅದು ಬಿಎನ್‌ಎಸ್‌ಎಸ್, ಅಂದ್ರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಯ್ತು, ನಂಬರ್ ಬದಲಾಯ್ತು, ನಡೆಯುವ ರೀತಿ ಬಹುಮಟ್ಟಿಗೆ ಅದೇ. ಗಂಡ ಕೊಡ್ಲಿಲ್ಲ ಅಂದ್ರೆ ಹೆಂಡತಿ ಇನ್ನೊಂದು ಅರ್ಜಿ ಹಾಕ್ಬೇಕು, ಇಷ್ಟು ತಿಂಗಳ ಬಾಕಿ ಉಂಟು ಅಂತ. ಅದಕ್ಕೆ ನೋಟೀಸು. ನೋಟೀಸಿಗೆ ಬರ್ಲಿಲ್ಲ ಅಂದ್ರೆ ವಾರಂಟ್. ವಾರಂಟ್ ಹೋಗೋದು ಅವನ ಊರಿನ ಠಾಣೆಗೆ. ಅಲ್ಲಿಂದ ಒಂದು ರಿಪೋರ್ಟ್ ಬರ್ತದೆ, ಸದರಿಯವರು ವಿಳಾಸದಲ್ಲಿ ಇಲ್ಲ. ಮತ್ತೆ ವಾಯಿದೆ. ಅವನು ಯಾವತ್ತೋ ಒಂದು ದಿನ ಬಂದು ಅರ್ಧ ಕಟ್ಟಿ ಉಳಿದದ್ದಕ್ಕೆ ಟೈಮ್ ಕೇಳ್ತಾನೆ, ಸಿಗ್ತದೆ. ಅಷ್ಟರಲ್ಲಿ ಹೊಸ ಐದು ತಿಂಗಳ ಬಾಕಿ ಸೇರಿರ್ತದೆ, ಅದಕ್ಕೆ ಪುನಃ ಬೇರೆ ಅರ್ಜಿ.

ಅಕ್ಕ ಉಡುಪಿಯಲ್ಲಿ ಬಟ್ಟೆ ಅಂಗಡಿಯಲ್ಲಿ ಸೇಲ್ಸಲ್ಲಿ ಇರೋದು. ವಾಯಿದೆ ಇದ್ದ ದಿನ ರಜೆ, ರಜೆ ಅಂದ್ರೆ ಸಂಬಳ ಕಟ್. ಬೆಳಿಗ್ಗೆ ಕಾಪುವಿನಿಂದ ಎಕ್ಸ್‌ಪ್ರೆಸ್ ಬಸ್ಸಲ್ಲಿ ನಿಂತ್ಕೊಂಡು ಹೋಗಿ ಹತ್ತೂವರೆಗೆ ಕೋರ್ಟ್ ವರಾಂಡದಲ್ಲಿ ಇರ್ತಾಳೆ, ಒಂದ್ಸಲ ನಾನೂ ಹೋಗಿದ್ದೆ. ಪ್ಲಾಸ್ಟಿಕ್ ಕವರಲ್ಲಿ ಈ ನೋಟ್‌ಬುಕ್ಕು, ಆರ್ಡರ್ ಕಾಪಿ, ಮಗನ ಸ್ಕೂಲ್ ಫೀಸ್ ರಶೀದಿ, ಮಳೆಗೆ ನೆನೀಬಾರ್ದು ಅಂತ ಕವರಿನ ಮೇಲೆ ಇನ್ನೊಂದು ಕವರ್. ಹನ್ನೆರಡೂವರೆಗೆ ಹೆಸರು ಕರೆದ್ರು. ಒಳಗೆ ಹೋಗಿ ಹೊರಗೆ ಬರ್ಲಿಕ್ಕೆ ಎರಡು ನಿಮಿಷ ಇಲ್ಲ. ನೋಟೀಸ್ ಸರ್ವ್ ಆಗಿಲ್ಲ, ಮುಂದಿನ ವಾಯಿದೆ ಆರು ವಾರ ಬಿಟ್ಟು. ಅಕ್ಕ ಏನೂ ಹೇಳ್ಲಿಲ್ಲ, ಪುಸ್ತಕದ ಕೊನೇ ಪೇಜಲ್ಲಿ ತಾರೀಕು ಬರ್ಕೊಂಡಳು, ಮಧ್ಯಾಹ್ನದ ಮೇಲಾದ್ರೂ ಅಂಗಡಿಗೆ ಹೋದ್ರೆ ಅರ್ಧ ದಿನದ್ದು ಸಿಗ್ತದಾ ಅಂತ ಓನರಿಗೆ ಫೋನ್ ಮಾಡಿದಳು.

ಈ ನೋಟೀಸ್ ವಿಷಯ ಸ್ವಲ್ಪ ಕೇಳ್ಬೇಕು ನೀವು. ಕಾನೂನಲ್ಲಿ ಒಳ್ಳೆ ಮಾತೊಂದು ಉಂಟು, ಮಧ್ಯಂತರ ಜೀವನಾಂಶದ, ಅಂದ್ರೆ ಕೇಸ್ ಮುಗಿಯುವವರೆಗೆ ಕೊಡುವ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟು 60 ದಿನದೊಳಗೆ ಮುಗಿಸ್ಬೇಕು ಅಂತ. ಆದ್ರೆ ಆ 60 ದಿನ ಶುರು ಆಗೋದು ನೋಟೀಸ್ ಎದುರು ಪಾರ್ಟಿಯ ಕೈಗೆ ಮುಟ್ಟಿದ ಮೇಲೆ. ಮುಟ್ಟದಿದ್ರೆ ದಿನದ ಲೆಕ್ಕವೇ ಇಲ್ಲ! ನಮ್ಮ ಕರಾವಳಿಯಲ್ಲಿ ಅದು ಮುಟ್ಟೋದು ಹೇಗೆ ಹೇಳಿ. ದುಬೈ, ದೋಹಾ, ಕುವೈತ್, ದಮ್ಮಾಮ್, ಯಾವ ಮನೆಯಲ್ಲಿ ಕೇಳಿದ್ರೂ ಒಬ್ಬ ಅಲ್ಲಿದ್ದಾನೆ. ಮದುವೆಗೆ ಬರ್ತಾನೆ, ದೈವದ ನೇಮಕ್ಕೆ ಬರ್ತಾನೆ, ಹದಿನೈದು ದಿನ ಇದ್ದು ಹೋಗ್ತಾನೆ, ಕೋರ್ಟಿನ ಕಾಗದಕ್ಕೆ ಮಾತ್ರ ಅವನು ಊರಲ್ಲಿ ಇಲ್ಲ. ವಾರಂಟ್ ಇದ್ದವನ ಪಾಸ್‌ಪೋರ್ಟ್ ತಡೆಹಿಡೀಲಿಕ್ಕೆ 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶ ಉಂಟು, ಆದ್ರೆ ಅದಕ್ಕೂ ಅರ್ಜಿ ಹಿಡ್ಕೊಂಡು ಓಡೋದು ಯಾರು, ಅದೇ ತಾಯಿ. ಇವನು ಮಗುವಿಗೆ ಬಾಕಿ ಇಟ್ಟಿದ್ದಾನೆ ಅಂತ ಕೋರ್ಟಿಂದ ಪಾಸ್‌ಪೋರ್ಟ್ ಆಫೀಸಿಗೆ ಮಾಹಿತಿ ತಾನಾಗಿ ಹೋಗುವ ವ್ಯವಸ್ಥೆ ಇಲ್ಲ.

ಜೈಲಿಗೆ ಹಾಕ್ತಾರಲ್ಲ ಅಂತ ಕೆಲವರು ಕೇಳ್ತಾರೆ. ಹೌದು, ಬಾಕಿ ಕಟ್ಟದಿದ್ರೆ ಒಂದು ತಿಂಗಳವರೆಗೆ ಹಾಕ್ಬಹುದು. ಜೈಲಿಗೆ ಹೋದ ಕೂಡ್ಲೇ ಸಾಲ ತೀರಿತು ಅಂತಲ್ಲ, ಬಾಕಿ ಹಾಗೇ ಇರ್ತದೆ, 1988ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಹೇಳಿ ಆಗಿದೆ. ಆದ್ರೆ ನನ್ನ ಅಕ್ಕನಿಗೆ ಅವನು ಜೈಲಲ್ಲಿ ಕೂತು ಎಂತ ಆಗ್ಬೇಕು? ಅವನ ಕೆಲಸ ಹೋದ್ರೆ ಆ ಎರಡು ಸಾವಿರವೂ ಇಲ್ಲ. ಅವಳಿಗೆ ಬೇಕಾದದ್ದು ತಿಂಗಳು ತಿಂಗಳು ಬರುವ 6,000, ಅಷ್ಟೇ. ಜೂನ್‌ನಲ್ಲಿ ರೈನ್‌ಕೋಟು, ಬ್ಯಾಗು, ವ್ಯಾನಿನ ಅಡ್ವಾನ್ಸ್, ಈ ವರ್ಷ ರೈನ್‌ಕೋಟ್ ಕಳೆದ ವರ್ಷದ್ದೇ, ಕೈ ಮೊಣಕೈವರೆಗೆ ಬಂದಿದೆ.

ದುಡ್ಡು ಅಪ್ಪನ ಕೈಗೆ ಸಿಗೋ ಮೊದಲೇ ಸಂಬಳದಲ್ಲಿ ಕಟ್ ಆಗ್ಬೇಕು, ಅದೇ ಸರಿಯಾದ ದಾರಿ. ಇದು ನಮ್ಮ ಕಾನೂನಿಗೆ ಗೊತ್ತಿಲ್ಲದ ವಿಷಯ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಅವನು ಕೊಡದಿದ್ರೆ ಮ್ಯಾಜಿಸ್ಟ್ರೇಟ್ ನೇರವಾಗಿ ಅವನ ಕಂಪನಿಗೇ ಹೇಳ್ಬಹುದು, ಇಷ್ಟು ಹಣ ಹೆಂಡತಿಗೆ ಕೊಡಿ ಇಲ್ಲಾ ಕೋರ್ಟಿಗೆ ಕಟ್ಟಿ ಅಂತ. ಆದ್ರೆ ಅದನ್ನೂ ಪ್ರತಿ ಕೇಸಲ್ಲಿ ಬೇರೆ ಬೇರೆ ಕೇಳಿ ತಕೊಳ್ಬೇಕು, ಅವನು ಎಲ್ಲಿ ಕೆಲಸ ಮಾಡ್ತಾನೆ ಅಂತ ನಾವೇ ಹುಡ್ಕಿ ಹೇಳ್ಬೇಕು. ಭಾವ ಎರಡು ವರ್ಷದಲ್ಲಿ ಮೂರು ಕಡೆ ಕೆಲಸ ಬದಲಾಯಿಸಿದ. ಫೇಸ್‌ಬುಕ್‌ನಲ್ಲಿ ಅವನ ಫ್ರೆಂಡ್ಸ್ ಹಾಕಿದ ಫೋಟೋದಲ್ಲಿ ಕುತ್ತಿಗೆಗೆ ಹಾಕಿದ ಐಡಿ ಕಾರ್ಡ್ ಜೂಮ್ ಮಾಡಿ ನೋಡಿ ಕಂಪನಿ ಹೆಸರು ಹುಡ್ಕಿದವಳು ನಾನು. ಇದು ನನ್ನ ಕೆಲಸನಾ? ಪಿಎಫ್, ಪ್ಯಾನ್, ಆಧಾರ್ ಎಲ್ಲ ಸರ್ಕಾರದ ಹತ್ರ ಇರುವಾಗ?

ಬೇರೆ ದೇಶದಲ್ಲಿ ಇದಕ್ಕೇ ಅಂತ ಇಲಾಖೆ ಉಂಟು. ಬ್ರಿಟನ್‌ನಲ್ಲಿ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್ ಅಂತ, ತೆರಿಗೆ ಇಲಾಖೆಯಿಂದ ಅಪ್ಪನ ಆದಾಯದ ಲೆಕ್ಕ ತಕೊಂಡು ಫಾರ್ಮುಲಾ ಪ್ರಕಾರ ಮೊತ್ತ ನಿರ್ಧಾರ ಮಾಡ್ತಾರೆ, ಕೊಡದಿದ್ರೆ ಸಂಬಳದಿಂದ ಹಿಡೀತಾರೆ. ಅಲ್ಲಿ ಎಲ್ಲ ಸರಿ ಉಂಟು ಅಂತ ನಾನು ಹೇಳುದಿಲ್ಲ. 1993ರಲ್ಲಿ ಶುರು ಮಾಡಿದ ಹಳೇ ಏಜೆನ್ಸಿ ಲೆಕ್ಕ ತಪ್ಪಿ, ಕಂಪ್ಯೂಟರ್ ಕೈ ಕೊಟ್ಟು, ಬಾಕಿ ಬೆಟ್ಟದಷ್ಟು ಆಗಿ, ಕೊನೆಗೆ 2012ರಲ್ಲಿ ಈ ಹೊಸದು ತರ್ಬೇಕಾಯ್ತು. ಅದರಲ್ಲೂ ಇಲಾಖೆಯೇ ವಸೂಲಿ ಮಾಡಿ ಕೊಡ್ಬೇಕಾದ್ರೆ ಕೊಡುವವನಿಗೆ 20% ಹೆಚ್ಚು, ತಕೊಳ್ಳುವವರಿಂದ 4% ಕಟ್ ಅಂತ ಶುಲ್ಕ ಇಟ್ರು. ಆ 4% ನನಗೆ ಒಪ್ಪಿಗೆ ಇಲ್ಲ, ಮಗುವಿನ ದುಡ್ಡಲ್ಲಿ ಕಮಿಷನ್ ಯಾಕೆ? ಜರ್ಮನಿಯದ್ದು ಇನ್ನೂ ಚಂದ ಉಂಟು. ಅಪ್ಪ ಕೊಡದಿದ್ರೆ ಸರ್ಕಾರ ಒಂದು ನಿಗದಿ ಮೊತ್ತ ಮುಂಗಡ ಕೊಡ್ತದೆ, ಆಮೇಲೆ ಅವನ ಹತ್ರ ಸರ್ಕಾರವೇ ವಸೂಲಿಗೆ ಹೋಗ್ತದೆ. 2017ರಿಂದ ಅದು 18 ವರ್ಷದವರೆಗಿನ ಮಕ್ಕಳಿಗೂ ಸಿಗ್ತದೆ. ಸಾಲಗಾರನ ಹಿಂದೆ ಓಡೋದು ಇಲಾಖೆ, ತಾಯಿ ಅಲ್ಲ.

ನಮ್ಮಲ್ಲಿ ಆಗ್ಲಿಕ್ಕಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನನಗೆ ಸಿಟ್ಟು ಬರ್ತದೆ. ಇದು ಯಾವ ಊರು ಸ್ವಾಮಿ? 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು, ದಿನಕ್ಕೆ ಎರಡಾಣೆ ಅಂತ ಏಜೆಂಟ್ ಮನೆಮನೆಗೆ ಬಂದು ತಕೊಂಡು ಹೋಗ್ತಿದ್ದರು. ಕಂಪ್ಯೂಟರ್ ಇಲ್ಲ, ಫೋನ್ ಇಲ್ಲ, ಸೈನ್ ಹಾಕಿದ ಕಾರ್ಡ್ ಒಂದು. ಬಡವರ ಎರಡಾಣೆಯ ಲೆಕ್ಕ ನೂರು ವರ್ಷದ ಹಿಂದೆ ತಪ್ಪದೆ ಇಟ್ಟ ಮಣ್ಣಲ್ಲಿ ಇವತ್ತು ಒಂದು ಮಗುವಿನ 6,000ದ ಲೆಕ್ಕ ಇಡ್ಲಿಕ್ಕೆ ಅಕ್ಕನ ನೋಟ್‌ಬುಕ್ಕೇ ಗತಿ. 2023ರ ಆಗಸ್ಟಿಂದ ಗೃಹಲಕ್ಷ್ಮಿಯ 2,000 ಇದೇ ಅಕ್ಕನ ಖಾತೆಗೆ ನೇರ ಹಾಕ್ತಾರೆ, ಕೆಲವು ಸಲ ತಡ ಆಗ್ತದೆ, ಆದ್ರೆ ಅವಳು ಯಾರ ಹತ್ರವೂ ಬೇಡುವ ಹಾಗಿಲ್ಲ. ಅಂದ್ರೆ ಖಾತೆ ಉಂಟು, ಹಾಕುವ ದಾರಿ ಉಂಟು. ಬೈಕಿನ ಇಎಂಐ ಐದನೇ ತಾರೀಕಿಗೆ ತಾನಾಗಿ ಕಟ್ ಆಗ್ತದೆ, ಮಗನದ್ದು ಯಾಕೆ ಆಗ್ಬಾರ್ದು?

ನಮ್ಮ ಹಿರಿಯರದ್ದೊಂದು ಮಾತು ಉಂಟು, ಅದನ್ನೂ ಹೇಳಿ ಬಿಡ್ತೇನೆ. ತವರಲ್ಲಿ ಇದ್ದಾಳಲ್ಲ, ಮಗುವನ್ನು ಸೋದರಮಾವಂದಿರು ನೋಡ್ಕೊಳ್ತಾರೆ ಅಂತ. ಅದು ಅಳಿಯಸಂತಾನ ಕಟ್ಟಿನಿಂದ ಬಂದ ಮಾತು. ಆಗ ಮಕ್ಕಳು ತಾಯಿಯ ಕುಟುಂಬದವರು, ಗದ್ದೆ ತೋಟದಲ್ಲಿ ತಾಯಿಗೂ ಮಕ್ಕಳಿಗೂ ಹಕ್ಕು ಇತ್ತು, ಯಜಮಾನಿಕೆ ಮಾವನದ್ದು. ಮಗು ಯಾರ ಹಂಗಲ್ಲೂ ಇರ್ಲಿಲ್ಲ. ಈಗ ಆ ಕುಟುಂಬದ ಆಸ್ತಿ ಇಲ್ಲ, ಪಾಲಾಗಿ ಎಷ್ಟೋ ಕಾಲ ಆಯ್ತು. ನಮ್ಮಣ್ಣ ಸುರತ್ಕಲ್‌ನಲ್ಲಿ ಬಾಡಿಗೆ ಮನೆಯಲ್ಲಿ ಇರೋದು, ಅವನಿಗೂ ಎರಡು ಮಕ್ಕಳು. ಹಕ್ಕು ಹೋಯ್ತು, ಮಾವನ ಮೇಲಿನ ಭಾರ ಮಾತ್ರ ಉಳೀತು. ಇದನ್ನು ಹೇಳಿ ಅಪ್ಪನನ್ನು ಬಚಾವ್ ಮಾಡುವವರಿಗೆ ದಮ್ಮಯ್ಯ, ಸ್ವಲ್ಪ ಯೋಚನೆ ಮಾಡಿ.

ಅಪ್ಪಂದಿರದ್ದೂ ಕಷ್ಟ ಇಲ್ಲ ಅಂತ ನಾನು ಹೇಳುದಿಲ್ಲ. ಕೆಲಸ ಹೋದವರಿದ್ದಾರೆ, ಅವರು ಮೊತ್ತ ಕಡಿಮೆ ಮಾಡಿ ಅಂತ ಅರ್ಜಿ ಹಾಕ್ಬಹುದು, ಆದ್ರೆ ಅದಕ್ಕೂ ವರ್ಷಗಟ್ಟಲೆ ಅಲೆದಾಟ, ಇದು ತಪ್ಪೇ. ಕೈಯಲ್ಲಿ ಕ್ಯಾಶ್ ಕೊಟ್ಟು ರಶೀದಿ ಇಲ್ಲದೆ, ಕೊಟ್ಟದ್ದನ್ನು ಕೊಟ್ಟೆ ಅಂತ ತೋರಿಸ್ಲಿಕ್ಕೆ ಆಗದವರೂ ಇದ್ದಾರೆ. ಒಂದು ಸರ್ಕಾರಿ ಖಾತೆಯ ಮೂಲಕ ದುಡ್ಡು ಹೋದ್ರೆ ಅವರಿಗೂ ರಕ್ಷಣೆ. ಮಗುವನ್ನು ನೋಡ್ಲಿಕ್ಕೆ ಬಿಡುದಿಲ್ಲ, ಹಾಗಾಗಿ ದುಡ್ಡು ಕೊಡುದಿಲ್ಲ ಅನ್ನುವವರಿಗೆ ಮಾತ್ರ ಒಂದು ಮಾತು, ಬಿಡದಿದ್ರೆ ಅದು ತಪ್ಪು, ಅದಕ್ಕೆ ಬೇರೆ ಅರ್ಜಿ ಹಾಕಿ, ನಾನೂ ನಿಮ್ಮ ಪರ ಮಾತಾಡ್ತೇನೆ, ಆದ್ರೆ ಆ ಜಗಳಕ್ಕೆ ಮಗುವಿನ ಊಟ ನಿಲ್ಲಿಸ್ಬೇಡಿ.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ವರ್ಸಸ್ ನೇಹಾ ಅನ್ನುವ ಕೇಸಲ್ಲಿ ಎರಡೂ ಕಡೆಯವರು ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡ್ಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಮಾಡ್ಬೇಕು ಅಂತ ಹೇಳಿತು. ದೊಡ್ಡ ತೀರ್ಪು. ಆದ್ರೆ ಆ ಕೇಸಲ್ಲೇ ನೋಡಿ, ಮಧ್ಯಂತರ ಜೀವನಾಂಶಕ್ಕೆ ಅರ್ಜಿ ಹಾಕಿದ್ದು 2013ರಲ್ಲಿ, ಮಗು ಎಳೆಯದಿರುವಾಗ, ಆರ್ಡರ್ ಆದದ್ದು 2015ರಲ್ಲಿ. ಸುಪ್ರೀಂ ಕೋರ್ಟ್ ತೀರ್ಪು ಬರುವಾಗ ಆ ಹುಡುಗ ಏಳು ವರ್ಷದವನು. ತೀರ್ಪು ಸಾಕಷ್ಟು ಉಂಟು ನಮ್ಮಲ್ಲಿ, ತೀರ್ಪನ್ನು ಕೈಗೆ ದುಡ್ಡು ಮಾಡಿ ಕೊಡುವ ಒಂದು ಕೌಂಟರ್ ಇಲ್ಲ. ಪ್ರತಿ ಜಿಲ್ಲೆಯಲ್ಲಿ ಒಂದು ವಸೂಲಿ ವಿಭಾಗ ಮಾಡಿ, ಆರ್ಡರ್ ಆದ ದಿನವೇ ಫೈಲ್ ಅಲ್ಲಿಗೆ ಹೋಗ್ಲಿ, ಎರಡು ತಿಂಗಳು ತಪ್ಪಿದ್ರೆ ತಾಯಿ ಅರ್ಜಿ ಹಾಕದೆಯೇ ಸಂಬಳಕ್ಕೆ ಕೈ ಹಾಕ್ಲಿ, ಸಿಗುವವರೆಗೆ ಗೃಹಲಕ್ಷ್ಮಿ ಹಾಗೆ ಮುಂಗಡ ಹಾಕ್ಲಿ. ನಮ್ಮ ಎಂಎಲ್‌ಎಗಳ ಹತ್ರ ರಸ್ತೆ, ಕಿಂಡಿ ಅಣೆಕಟ್ಟು ಕೇಳ್ತೇವಲ್ಲ, ಇದನ್ನೂ ಕೇಳಿ.

ಅಲ್ಲಿವರೆಗೆ, ಈಗ ಇದೇ ಪರಿಸ್ಥಿತಿಯಲ್ಲಿ ಇರುವ ಅಕ್ಕಂದಿರಿಗೆ ಒಂದು ಮುಖ್ಯ ವಿಷಯ, ಇದು ಎಷ್ಟೋ ಜನರಿಗೆ ಗೊತ್ತಿಲ್ಲದೆ ದುಡ್ಡು ಹೋಗಿದೆ. ಬಾಕಿ ವಸೂಲಿಯ ವಾರಂಟಿಗೆ ಅರ್ಜಿ ಹಾಕ್ಲಿಕ್ಕೆ ಆ ತಿಂಗಳ ದುಡ್ಡು ಬರಬೇಕಾದ ದಿನದಿಂದ ಒಂದು ವರ್ಷ ಮಾತ್ರ ಟೈಮ್. ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ ಅಂತ ಕಾಯ್ಬೇಡಿ. ನಿಮ್ಮ ಪುಸ್ತಕದಲ್ಲಿ ಮೊದಲನೇ ಅಡ್ಡಗೆರೆ ಯಾವ ತಿಂಗಳದ್ದು ನೋಡಿ, ಹತ್ತು ತಿಂಗಳು ದಾಟಿದ್ರೆ ಈ ವಾರವೇ ಹೋಗಿ. ವಕೀಲರಿಗೆ ಕೊಡ್ಲಿಕ್ಕೆ ಇಲ್ಲದಿದ್ರೆ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಹೋಗಿ, ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟಿದ್ರೂ ವಕೀಲರು ಫ್ರೀ, 15100ಕ್ಕೆ ಫೋನ್ ಮಾಡಿದ್ರೂ ಆಗ್ತದೆ. ಆರ್ಡರ್ ಕಾಪಿ, ಬ್ಯಾಂಕ್ ಪಾಸ್‌ಬುಕ್, ಮತ್ತೆ ಆ ನೋಟ್‌ಬುಕ್ ತಕೊಂಡು ಹೋಗಿ.