ನಂದಿ ತಪ್ಪಲಲ್ಲಿ ಒಂದು ಕೊಲೆ, ಆಯುಧ ಒಂದು ಸ್ವಿಚ್

ನಮಸ್ಕಾರ. ಕಳೆದ ವಾರ ವೀಕ್ಷಕರೊಬ್ಬರು ಕೇಳಿದ್ದರು: "ವೈನ್ ತೋಟದಲ್ಲಿ ನಡೆಯುವ ಕೊಲೆಯ ಕಥೆ ಬರೆಯಬೇಕು, ಓದುವವರು ನಗಲೂ ಬೇಕು. ಅದಕ್ಕೆ ಫ್ರಾನ್ಸನ್ನೇ ನೋಡಿ ಬರಬೇಕೇ?" ಬೇಡ. ಹೆಬ್ಬಾಳದ ಮೇಲ್ಸೇತುವೆ ದಾಟಿ ಉತ್ತರಕ್ಕೆ ಹೋದರೆ ಸಾಕು.

[ದೃಶ್ಯ: ನಂದಿಬೆಟ್ಟದ ತಪ್ಪಲು, ದ್ರಾಕ್ಷಿ ಚಪ್ಪರ]

ಪೀಠಿಕೆ ಬೇಗ ಮುಗಿಸುತ್ತೇನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಹಳೆಯ ಬೆಳೆ. ಅಲ್ಲಿನ 'ಬೆಂಗಳೂರು ಬ್ಲೂ' ತಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೂ ತಂದಿತು. ಇನ್ನು ಕೊಲೆಗೆ ಬರೋಣ.

ಬಹುತೇಕರಿಗೆ ಮೊದಲು ಹೊಳೆಯುವುದು ಟಿಪ್ಪು ಡ್ರಾಪ್‌ನಿಂದ ತಳ್ಳುವುದು, ಇಲ್ಲವೇ ಲೋಟಕ್ಕೆ ವಿಷ ಬೆರೆಸುವುದು. ಎರಡನ್ನೂ ಬಿಡಿ. ದ್ರಾಕ್ಷಿರಸವೇ ಕೊಲ್ಲಬಲ್ಲದು.

ರಸ ಹುದುಗುವಾಗ ಅದರೊಳಗಿನ ಸಕ್ಕರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆಲ್ಕೋಹಾಲ್ ಆಗುತ್ತದೆ, ಉಳಿದರ್ಧ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆ. ಲೀಟರಿಗೆ 200 ಗ್ರಾಂ ಸಕ್ಕರೆ ಇರುವ 1,000 ಲೀಟರ್ ರಸವನ್ನು ತೆಗೆದುಕೊಳ್ಳಿ. ಹುದುಗು ಮುಗಿಯುವಷ್ಟರಲ್ಲಿ ಸುಮಾರು 50 ಘನ ಮೀಟರ್ ಅನಿಲ ಹೊರಟಿರುತ್ತದೆ. ಅಂದರೆ 13 ಅಡಿ ಉದ್ದ, 13 ಅಡಿ ಅಗಲ, 10 ಅಡಿ ಎತ್ತರದ ನಿಮ್ಮ ಮನೆಯ ಹಾಲ್ ನೆಲದಿಂದ ಸೂರಿನವರೆಗೆ ತುಂಬುವಷ್ಟು! ಒಂದೇ ಟ್ಯಾಂಕಿನಿಂದ! ಈ ಲೆಕ್ಕವನ್ನು ನಾನು ಮೂರು ಸಲ ಮಾಡಿ ನೋಡಿದೆ.

ಈ ಅನಿಲಕ್ಕೆ ಬಣ್ಣವಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ನೀರಿನಂತೆ ತಗ್ಗಿಗೆ ಹರಿದು ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ನಿಂತವನು ಉಸಿರಾಡುತ್ತಿರುವ ಕೋಣೆಯಲ್ಲೇ, ಬಿದ್ದ ಬೀಗದ ಕೈ ಎತ್ತಿಕೊಳ್ಳಲು ಬಗ್ಗಿದವನು ಮತ್ತೆ ಏಳದಿರಬಹುದು. ಅವನನ್ನು ಎತ್ತಲು ಬಗ್ಗಿದವನೂ ಅಷ್ಟೇ. ಹಳೆಯ ಬಾವಿಗೆ ಇಳಿಯುವ ಮುನ್ನ ನಮ್ಮ ಹಿರಿಯರು ದೀಪ ಇಳಿಬಿಟ್ಟು ನೋಡುತ್ತಿದ್ದರಲ್ಲ, ಇಲ್ಲಿ ಅದನ್ನು ನಂಬುವಂತಿಲ್ಲ. ಗಾಳಿಯಲ್ಲಿ ಈ ಅನಿಲ ನೂರಕ್ಕೆ ಹತ್ತರಷ್ಟಾದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ, ದೀಪ ಮಾತ್ರ ಉರಿಯುತ್ತಲೇ ಇರುತ್ತದೆ.

ಹಾಗಾದರೆ ಕೊಲೆಗಾರ ಮಾಡಬೇಕಾದದ್ದು ಗಾಳಿ ಹೊರಹಾಕುವ ಫ್ಯಾನ್ ಆರಿಸುವುದು, ಅಷ್ಟೇ. ಕೇಳಿದರೆ "ಕರೆಂಟ್ ಹೋಗಿತ್ತು ಸಾರ್" ಎನ್ನುತ್ತಾನೆ. ನಮ್ಮೂರಿನಲ್ಲಿ ಆ ಮಾತನ್ನು ಯಾರು ಅನುಮಾನಿಸುತ್ತಾರೆ? ಅದೇ ಲೈನಿನ ಪಕ್ಕದ ತೋಟದ ಪಂಪ್‌ಸೆಟ್ ಆ ಹೊತ್ತಿನಲ್ಲಿ ಓಡುತ್ತಿತ್ತೆಂದು ನೆನಪಿಸುವ ಅಜ್ಜಿಯೊಬ್ಬರು ಕಥೆಯಲ್ಲಿರಲಿ.

ನಗು ಎಲ್ಲಿಂದ? ಸತ್ತವನನ್ನು ನೋಡಿ ನಗಿಸಬೇಡಿ, ಅಲ್ಲಿ ಸಾವಿನ ತೂಕ ಇಳಿದುಹೋಗುತ್ತದೆ. ಸುತ್ತ ನಿಂತವರನ್ನು ನೋಡಿ. ಯಜಮಾನರ ದೇಹ ಇನ್ನೂ ಒಳಗಿದೆ. ಹೊರಗೆ ವಾರಾಂತ್ಯದ ಪ್ರವಾಸಿಗರು ಟಿಕೆಟ್ ಹಣ ವಾಪಸ್ ಕೇಳುತ್ತಿದ್ದಾರೆ. ಮಹಜರಿಗೆ ಕರೆಸಿದ ಪಂಚರೊಬ್ಬರು ಮದ್ಯದ ಕಟ್ಟಡಕ್ಕೆ ಕಾಲಿಡುವುದಿಲ್ಲವೆಂದು ಹಟ ಹಿಡಿದಿದ್ದಾರೆ. ರಾಹುಕಾಲ ಮುಗಿಯುವವರೆಗೆ ಯಾರೂ ಅಳಬೇಡಿರೆಂದು ದೊಡ್ಡಮ್ಮ ಆಜ್ಞೆ ಮಾಡಿದ್ದಾರೆ. "ಮಲ್ಲೇಶ್ವರದ ಆರ್ಡರ್ ಇವತ್ತೇ ಹೋಗಬೇಕಲ್ಲ ಅತ್ತಿಗೆ?" ಎಂದು ಮೈದುನ ಕಣ್ಣೊರೆಸಿಕೊಳ್ಳುತ್ತಾ ಕೇಳುತ್ತಾನೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಅದಕ್ಕೇ ಈ ನಗು ಕರಾಳ, ಅದಕ್ಕೇ ನನಗೆ ಇಷ್ಟ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ದಾರಿ ತಪ್ಪಿಸುವ ಸುಳಿವು ಬೇಕೇ? ತಂಪಿನಲ್ಲಿಟ್ಟ ವೈನ್ ಬಾಟಲಿಯ ತಳದಲ್ಲಿ ಕೆಲವೊಮ್ಮೆ ಟಾರ್ಟರಿಕ್ ಆಮ್ಲದ ಲವಣ ಹರಳುಗಟ್ಟುತ್ತದೆ, ನೋಡಲು ಥೇಟ್ ಗಾಜಿನ ಪುಡಿ. ಇನ್‌ಸ್ಪೆಕ್ಟರ್ ಅದನ್ನು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಲಿ, ಕೇಕಿಗೆ ಹಾಕುವ ವಸ್ತುವೆಂಬ ವರದಿ ಬರಲಿ. ಮತ್ತೆ, ಯುರೋಪಿನ ಕಥೆಗಳನ್ನು ನೋಡಿ ಕೊಯ್ಲನ್ನು ಸೆಪ್ಟೆಂಬರಿಗೆ ಇಡಬೇಡಿ. ನಮ್ಮಲ್ಲಿ ವೈನ್ ದ್ರಾಕ್ಷಿಯ ಮುಖ್ಯ ಕೊಯ್ಲು ಬೇಸಿಗೆಯ ಆರಂಭದಲ್ಲಿ. ದೊಡ್ಡಬಳ್ಳಾಪುರದ ರೈತರು ಓದಿದರೆ ಮೊದಲ ಪುಟದಲ್ಲೇ ಪುಸ್ತಕ ಮುಚ್ಚಿಡುತ್ತಾರೆ.

ಕೊಲೆಗಾರ ಸಿಕ್ಕಿಬೀಳುವ ಸಾಲು ನನ್ನ ಬಳಿ ಇದೆ, ಬೇಕಾದವರು ತೆಗೆದುಕೊಳ್ಳಿ: "ಯಜಮಾನರು ಕುಸಿದಾಗ ಎಲ್ಲರೂ ಬಗ್ಗಿದರು. ದೀಪ ಹಿಡಿದಿದ್ದವನು ಮಾತ್ರ ನೆಟ್ಟಗೆ ನಿಂತೇ ಅತ್ತ."