ಗೊಂಬೆಯ ಫ್ರಾಕು ಮಗುವೇ ಹೊಲಿಯಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಗೊಂಬೆಗೆ ಹೊಸ ಬಟ್ಟೆ ಬೇಕು ಅಂತ ಮಗು ಹಟ ಹಿಡಿದರೆ ನೀವು ಏನು ಮಾಡುತ್ತೀರಿ? ರೆಡಿಮೇಡ್ ಸೆಟ್ ತಂದುಕೊಡುತ್ತೀರಿ. ಇಲ್ಲವೇ ನೀವೇ ಮಿಷನ್ ಮುಂದೆ ಕೂತು ಹೊಲಿದುಕೊಡುತ್ತೀರಿ. ಎರಡೂ ಬೇಡ. ಸೂಜಿದಾರ ಮಗುವಿನ ಕೈಗೆ ಕೊಡಿ. ನಾನು ಹೇಳಲು ಬಂದಿರುವುದು ಇಷ್ಟೇ.

ನಾನು ಹೊಲಿಗೆ ಕಲಿಸುವವಳು. ಗೊಂಬೆಗಿಂತ ಒಳ್ಳೆಯ ಟೀಚರನ್ನು ನಾನು ನೋಡಿಲ್ಲ. ಒಂದು ಕರವಸ್ತ್ರದಷ್ಟು ಬಟ್ಟೆ ಸಾಕು, ಕೂತ ಜಾಗದಲ್ಲೇ ಕೆಲಸ ಮುಗಿಯುತ್ತದೆ. ಅಳತೆ ತಪ್ಪಿದರೆ ಯಾರೂ ಬೈಯಬೇಕಿಲ್ಲ. ಕುತ್ತಿಗೆಯಲ್ಲಿ ತಲೆ ತೂರುವುದಿಲ್ಲ, ಬೆನ್ನು ಮುಚ್ಚುವುದಿಲ್ಲ, ಮಗುವಿಗೆ ತಾನಾಗಿಯೇ ಗೊತ್ತಾಗುತ್ತದೆ.

"ಅದೇನು ಬಿಡಿ, ಸುಮ್ನೆ ಆಟ" ಅನ್ನುವವರಿಗೆ ನಾನು ಯಾವಾಗಲೂ ಪ್ಯಾರಿಸ್ಸಿನ ಈ ಕಥೆ ಹೇಳುತ್ತೇನೆ.

1945ನೇ ಇಸವಿ. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಪ್ಯಾರಿಸ್ಸಿಗೆ ಜರ್ಮನ್ನರ ಹಿಡಿತದಿಂದ ಬಿಡುಗಡೆಯೇನೋ ಸಿಕ್ಕಿತ್ತು, ಆದರೆ ಊರಲ್ಲಿ ಬಟ್ಟೆಗೆ ಬರ, ಚರ್ಮಕ್ಕೆ ಬರ, ಕಲ್ಲಿದ್ದಲಿಗೂ ಬರ. ಅಲ್ಲಿನ ದೊಡ್ಡ ದೊಡ್ಡ ಫ್ಯಾಷನ್ ಸಂಸ್ಥೆಗಳಿಗೆ ನಾವಿನ್ನೂ ಇದ್ದೇವೆ ಅಂತ ಜಗತ್ತಿಗೆ ತೋರಿಸಬೇಕಿತ್ತು. ಯುದ್ಧದಲ್ಲಿ ನೊಂದವರಿಗೆ ಹಣವನ್ನೂ ಕೂಡಿಸಬೇಕಿತ್ತು. ಆಳೆತ್ತರದ ಉಡುಪಿಗೆ ಬಟ್ಟೆ ಎಲ್ಲಿಂದ ತರುವುದು? ಆಗ ಅವರು ಗೊಂಬೆಗಳಿಗೆ ಹೊಲಿದರು. ತಂತಿ ಬಗ್ಗಿಸಿ ಮಾಡಿದ ಗೊಂಬೆಗಳು, ಸುಮಾರು 27 ಇಂಚು ಎತ್ತರ, 200ಕ್ಕೂ ಹೆಚ್ಚು. ಮೈ ಪೂರ್ತಿ ಬರೀ ತಂತಿ, ತಲೆ ಮಾತ್ರ ಪ್ಲಾಸ್ಟರಿನದು.

ಬಾಲೆನ್ಸಿಯಾಗ, ಸ್ಕಿಯಾಪರೆಲ್ಲಿ ಅಂಥ ಹೆಸರಾಂತ ವಿನ್ಯಾಸಕರ ಫ್ಯಾಷನ್ ಸಂಸ್ಥೆಗಳಲ್ಲಿ ಶ್ರೀಮಂತರಿಗೆ ಹೊಲಿಯುತ್ತಿದ್ದ ಕೈಗಳೇ ಈ ತಂತಿ ಗೊಂಬೆಗಳಿಗೂ ಹೊಲಿದವು. ಗುಂಡಿಗಳು ತೋರಿಕೆಗೆ ಅಂಟಿಸಿದವಲ್ಲ, ಹಾಕಿ ತೆಗೆಯುವಂಥವು. ಚಪ್ಪಲಿ ತಯಾರಿಸುವವರು ಪುಟ್ಟ ಚಪ್ಪಲಿ ಮಾಡಿದರು, ಟೋಪಿಯವರು ಟೋಪಿ, ಕೂದಲು ಕಟ್ಟುವವರು ಜಡೆ. ಪ್ಯಾರಿಸ್ಸಿನ ದೊಡ್ಡ ಮ್ಯೂಸಿಯಂ ಇರುವ ಲೂವ್ರ್ ಕಟ್ಟಡದ ಒಂದು ಭಾಗದಲ್ಲಿ ಪ್ರದರ್ಶನ ನಡೆಯಿತು. ಹೊಟ್ಟೆಗೆ ಸರಿಯಾಗಿ ಇಲ್ಲದ ಆ ಕಾಲದಲ್ಲಿ ಸುಮಾರು 1 ಲಕ್ಷ ಜನ ಟಿಕೆಟ್ ಕೊಂಡು ನೋಡಿದರು! ಮರುವರ್ಷ ಗೊಂಬೆಗಳು ಅಮೆರಿಕಕ್ಕೆ ಹೋದವು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. 1952ರಲ್ಲಿ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ಮ್ಯೂಸಿಯಂ ಅವನ್ನು ಉಳಿಸಿಕೊಂಡಿತು. ಈಗಲೂ ಅಲ್ಲೇ ಇವೆ.

ಅಷ್ಟು ದೊಡ್ಡ ಕುಶಲಿಗರು ಗೊಂಬೆಯ ಗುಂಡಿಗೆ ಕಾಜಾ ಮಾಡಿದ್ದಾರೆ. ಇದು ಬರೀ ಆಟ ಅನ್ನುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ಸಮಯ ಓಡುತ್ತಿದೆ, ಹೊಲಿಗೆಗೆ ಬರೋಣ. ಮನೆಯಲ್ಲಿ ಬಾರ್ಬಿಯಂಥ ಗೊಂಬೆ ಇದೆ ಅಂದುಕೊಳ್ಳಿ. 1959ರಲ್ಲಿ ಬಂದ ಮೊದಲ ಬಾರ್ಬಿಯ ಎತ್ತರ ಹನ್ನೊಂದೂವರೆ ಇಂಚು, ಅಂದರೆ ನಮ್ಮ ಆರನೇ ಒಂದು ಭಾಗ. ಗೊಂಬೆ ಸಣ್ಣದಾಯಿತು, ಆದರೆ ಬಟ್ಟೆಯ ದಪ್ಪ ಸಣ್ಣದಾಗಲಿಲ್ಲ, ಅಲ್ವಾ? ನಾವು ಹೊಲಿಗೆಗೆ ಬಿಡುವ ಕಾಲು ಇಂಚು ಗೊಂಬೆಗೆ ಒಂದೂವರೆ ಇಂಚಿನ ಹಾಗೆ. ಅದಕ್ಕೇ ಜೀನ್ಸ್ ತುಂಡು ಕೊಡಬೇಡಿ, ಸೊಂಟದ ಸುತ್ತ ಉಬ್ಬಿಕೊಳ್ಳುತ್ತದೆ. ತೊಳೆದು ತೊಳೆದು ಮೆತ್ತಗಾದ ತೆಳು ಹತ್ತಿ ಬಟ್ಟೆ ಕೊಡಿ. ಹೂವಿನ ಡಿಸೈನ್ ಇದ್ದರೆ ಸಾಸಿವೆಯಷ್ಟು ಸಣ್ಣ ಹೂವಿರಲಿ.

ಮೊದಲು ಲಂಗ. ಹನ್ನೆರಡು ಇಂಚು ಉದ್ದ, ಐದು ಇಂಚು ಅಗಲದ ಪಟ್ಟಿ ಕತ್ತರಿಸಲಿ. ಕೆಳಗಿನ ಅಂಚು ಮಡಚಿ ಹೊಲಿಯಲಿ. ಮೇಲಿನ ಅಂಚಿನಲ್ಲಿ ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತ ದೊಡ್ಡ ದೊಡ್ಡ ಓಡು ಹೊಲಿಗೆ ಹಾಕಿ, ದಾರದ ತುದಿ ಹಿಡಿದು ಮೆಲ್ಲಗೆ ಎಳೆಯಲಿ. ಚಪ್ಪಟೆ ಬಟ್ಟೆ ನೆರಿಗೆ ನೆರಿಗೆಯಾಗಿ ಕೂಡಿಕೊಂಡು ಗೊಂಬೆಯ ಸೊಂಟದ ಅಳತೆಗೆ ಬರುತ್ತದೆ. ಅದನ್ನು ತನ್ನ ಕೈಯಾರೆ ಒಮ್ಮೆ ಎಳೆದು ನೋಡಿದ ಮಗು ಹೊಲಿಗೆ ಬಿಡುವುದಿಲ್ಲ. ಆ ದಾರ ನೀವು ಎಳೆಯಬೇಡಿ, ದಯವಿಟ್ಟು. ಮಗುವೇ ಎಳೆಯಲಿ.

ಆಮೇಲೆ ತೋಳಿನ ಫ್ರಾಕು. ಎಲ್ಲರೂ ಎಡವುವುದು ಇಲ್ಲೇ. ಪಕ್ಕ ಹೊಲಿದ ಮೇಲೆ ತೋಳು ಕೂರಿಸಲು ಹೋದರೆ ಆ ಪುಟ್ಟ ರಂಧ್ರದೊಳಗೆ ಬೆರಳೇ ಹೋಗುವುದಿಲ್ಲ. ಮೊದಲು ಭುಜ ಜೋಡಿಸಿ, ಬಟ್ಟೆ ಚಪ್ಪಟೆಯಾಗಿ ಇರುವಾಗಲೇ ತೋಳು ಹೊಲಿದುಬಿಡಬೇಕು. ತೋಳಿನ ತುದಿಯಿಂದ ಸೊಂಟದವರೆಗೆ ಒಂದೇ ಹೊಲಿಗೆಯಲ್ಲಿ ಪಕ್ಕ ಮುಚ್ಚುವುದು ಕೊನೆಗೆ. ಬೆನ್ನು ಪೂರ್ತಿ ತೆರೆದಿರಲಿ, ಏಕೆಂದರೆ ಗೊಂಬೆ ನಮ್ಮ ಹಾಗೆ ಮೈ ಬಗ್ಗಿಸಿ ಬಟ್ಟೆ ಹಾಕಿಕೊಳ್ಳುವುದಿಲ್ಲ. ಪ್ರೆಸ್ ಬಟನ್ ಇಡಿ. ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ ಬೇಡ, ಅದು ಗೊಂಬೆಯ ಕೂದಲನ್ನು ಕಚ್ಚಿ ಹಿಡಿಯುತ್ತದೆ. ಹಾಕುವಾಗ ಗೊಂಬೆಯ ಹೆಬ್ಬೆರಳು ತೋಳಿನೊಳಗೆ ಸಿಕ್ಕಿಕೊಂಡರೆ ಎಳೆದಾಡಬೇಡಿ. ಕೈಗೆ ಪ್ಲಾಸ್ಟಿಕ್ ಚೀಲದ ತುಂಡು ಸುತ್ತಿದರೆ ಸಲೀಸಾಗಿ ಜಾರುತ್ತದೆ.

ಸೂಜಿ ಚುಚ್ಚುತ್ತದೆ ಅನ್ನುತ್ತೀರಿ. ಪಕ್ಕದಲ್ಲಿ ಕೂತಿರಿ. ಹೊಲಿದಾದ ಮೇಲೆ ಸೂಜಿ ಎಣಿಸಿ ಡಬ್ಬಿಗೆ ಹಾಕುವುದನ್ನೂ ಕಲಿಸಿ. ಆದರೆ ಮೊಂಡು ಪ್ಲಾಸ್ಟಿಕ್ ಸೂಜಿ ಬೇಡ, ಅದು ತೆಳು ಬಟ್ಟೆಯೊಳಗೆ ಇಳಿಯುವುದೇ ಇಲ್ಲ. ಹುಡುಗರಿಗೂ ಕೊಡಿ. ಸೊಟ್ಟ ಹೊಲಿಗೆ ಕಂಡ ಕೂಡಲೇ "ತಾ ಇಲ್ಲಿ" ಅಂತ ಕಿತ್ತುಕೊಳ್ಳುವವರೇ ಜಾಸ್ತಿ. ಕಿತ್ತುಕೊಳ್ಳಬೇಡಿ. ಗೊಂಬೆ ಆ ಸೊಟ್ಟ ಹೊಲಿಗೆಯನ್ನೇ ಹಾಕಿಕೊಂಡು ಓಡಾಡಲಿ.

ಕೊನೆಯದಾಗಿ ಬಣ್ಣ. ಕಡುಗೆಂಪು, ಕಡುನೀಲಿ ಬಟ್ಟೆಯನ್ನು ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಿ ಕೊಡಿ. ಇಲ್ಲದಿದ್ದರೆ ಬಣ್ಣ ಗೊಂಬೆಯ ಮೈಗೆ ಇಳಿಯುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಮಸ್ಕಾರ.