ಸಾವಿರ ದಿನಾರಿನ ರೊಟ್ಟಿ

ಕೇಳುಗರಿಗೆ ನಮಸ್ಕಾರ. ಮಧ್ಯಯುಗದ ಇಸ್ಲಾಮೀ ವಿದ್ವಾಂಸರ ಆರ್ಥಿಕ ಚಿಂತನೆಯ ಬಗ್ಗೆ ಮಾತನಾಡಬೇಕೆಂದು ನಿಲಯದವರು ನನ್ನನ್ನು ಕರೆಸಿದ್ದಾರೆ. ವಿಷಯದ ಹೆಸರು ಕೇಳಿದೊಡನೆ ರೇಡಿಯೊದ ಕಿವಿ ಹಿಂಡಿ ಬೇರೆ ಕಡೆಗೆ ತಿರುಗಿಸಿಬಿಡಬೇಡಿ ಎಂಬುದು ನನ್ನ ಮೊದಲ ವಿನಂತಿ. ದಿನಸಿ ಅಂಗಡಿಯ ಚೀಟಿಯನ್ನು ನೋಡಿ ಒಮ್ಮೆಯಾದರೂ ಹುಬ್ಬೇರಿಸಿದವರಿಗೆಲ್ಲ ಈ ಮಾತು ಸಂಬಂಧಿಸಿದೆ.

ಅರ್ಥಶಾಸ್ತ್ರವನ್ನು ಓದುವ ನಮ್ಮ ವಿದ್ಯಾರ್ಥಿಗಳು 1776ರಲ್ಲಿ ಆ್ಯಡಂ ಸ್ಮಿತ್ ಪುಸ್ತಕ ಬರೆದ ಮೇಲೆಯೇ ಜಗತ್ತಿಗೆ ಬೆಲೆ, ಹಣ, ತೆರಿಗೆಗಳ ವಿಚಾರ ತಿಳಿಯಿತೆಂದು ನಂಬಿಕೊಂಡೇ ಪದವಿ ಮುಗಿಸುತ್ತಾರೆ. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದನ್ನು ಕೇಳಿ ಕೇಳಿ ಬೇಸರ ಬಂದಿದೆ. ಸ್ಮಿತ್‌ಗಿಂತ ಮುನ್ನೂರೆಪ್ಪತ್ತು ವರ್ಷ ಹಿಂದೆ, ಈಜಿಪ್ಟಿನ ಕೈರೋ ನಗರದಲ್ಲಿ, ಅಲ್ ಮಕ್ರೀಜಿ ಎಂಬ ವಿದ್ವಾಂಸ ಬೆಲೆಯೇರಿಕೆಯ ಕಾರಣಗಳನ್ನು ಬಿಡಿಸಿ ಹೇಳುವ ಚಿಕ್ಕದೊಂದು ಗ್ರಂಥವನ್ನು ಬರೆದ. ಅದನ್ನು ಒಂದೇ ರಾತ್ರಿಯಲ್ಲಿ ಜೋಡಿಸಿ ತಿದ್ದಿ ಮುಗಿಸಿದೆನೆಂದು ಆತನೇ ಹೇಳಿಕೊಂಡಿದ್ದಾನೆ. ಅದು 1405ನೆಯ ಇಸವಿ. ಆತ ಬರಿಯ ಪುಸ್ತಕದ ಪಂಡಿತನೂ ಆಗಿರಲಿಲ್ಲ. 1399ರಲ್ಲಿ ಸುಲ್ತಾನ್ ಬರ್ಕೂಕ್ ಆತನನ್ನು ಕೈರೋವಿನ ಮುಹ್ತಸಿಬ್ ಆಗಿ, ಅಂದರೆ ಪೇಟೆಯ ತೂಕ, ಅಳತೆ, ಕಲಬೆರಕೆ, ಬೆಲೆ ಇವುಗಳ ಮೇಲೆ ಕಣ್ಣಿಡುವ ಅಧಿಕಾರಿಯಾಗಿ ನೇಮಿಸಿದ್ದ. ತಕ್ಕಡಿಯ ಮೋಸವನ್ನು ಹತ್ತಿರದಿಂದ ಕಂಡವನ ಮಾತು ಇದು ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಆತ ಹೇಳಿದ್ದು ಒಂದೇ ಮಾತು. ಮಳೆ ಕೊಡದಿರುವುದು, ಹೊಳೆ ತುಂಬದಿರುವುದು ಆಕಾಶಕ್ಕೆ ಸೇರಿದ್ದು. ಆದರೆ ಜನ ಹಸಿವಿನಿಂದ ಸಾಯುವುದು ಆಳುವವರಿಗೆ ಸೇರಿದ್ದು. ನೀವು ಈ ಭಾಷಣದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬಾರದು. ಈಜಿಪ್ಟಿನಲ್ಲಿ ಮಳೆ ಇಲ್ಲವೆಂದೇ ಹೇಳಬೇಕು, ಅಲ್ಲಿ ಬದುಕೆಲ್ಲವೂ ನೈಲ್ ನದಿಯ ಪ್ರವಾಹವನ್ನೇ ನೆಚ್ಚಿತ್ತು. ಕೈರೋವಿನ ರೋದಾ ದ್ವೀಪದಲ್ಲಿ 861ರಲ್ಲಿ ನಿಲ್ಲಿಸಿದ ಒಂದು ಅಮೃತಶಿಲೆಯ ಕಂಬವಿದೆ. ಅದರ ಮೇಲೆ ಮೊಳಗಳ ಗುರುತು ಕೊರೆದಿದ್ದಾರೆ. ನೀರು ಹದಿನಾರು ಮೊಳ ಮುಟ್ಟಿತೆಂದರೆ ಊರೆಲ್ಲ ಹಬ್ಬ. ಮುಟ್ಟಲಿಲ್ಲವೆಂದರೆ ಬೆಳೆ ಕೈಗೆ ಬರುವುದಕ್ಕೆ ತಿಂಗಳುಗಟ್ಟಲೆ ಮೊದಲೇ, ಆ ಸುದ್ದಿ ಹಬ್ಬಿದ ದಿನವೇ, ಪೇಟೆಯಲ್ಲಿ ಗೋಧಿಯ ಬೆಲೆ ಏರುತ್ತಿತ್ತು. ಕಣಜದಲ್ಲಿ ಗೋಧಿ ನಿನ್ನೆ ಇದ್ದಷ್ಟೇ ಇಂದೂ ಇದೆ, ಆದರೂ ಬೆಲೆ ಏರಿದೆ. ಇದು ಹೇಗೆ ಎಂಬ ಪ್ರಶ್ನೆಯೇ ಮಕ್ರೀಜಿಯನ್ನು ಕಾಡಿದ್ದು.

ಈ ಪ್ರಶ್ನೆಗೆ ಉತ್ತರವಾಗಿ ಆತ ತನಗಿಂತ ಮುನ್ನೂರು ವರ್ಷ ಹಿಂದಿನ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ಅದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಮೊಟಕುಗೊಳಿಸಲು ನನಗೆ ಮನಸ್ಸು ಬರುವುದಿಲ್ಲ. ಫಾತಿಮೀ ವಂಶದ ಖಲೀಫ ಅಲ್ ಮುಸ್ತನ್ಸಿರ್ ಆಳುತ್ತಿದ್ದ ಕಾಲ. 1065ರಿಂದ ಏಳು ವರ್ಷ ದೇಶವನ್ನು ಕ್ಷಾಮ ಹಿಂಡಿತು. ಜನ ನಾಯಿ ಬೆಕ್ಕುಗಳನ್ನು ತಿಂದರು. ಆಗ ಸಿರಿವಂತ ಮನೆತನದ ಹೆಂಗಸೊಬ್ಬಳು ಸಾವಿರ ದಿನಾರು, ಅಂದರೆ ಸಾವಿರ ಚಿನ್ನದ ನಾಣ್ಯ, ಬೆಲೆಬಾಳುವ ತನ್ನ ಕಂಠೀಹಾರವನ್ನು ಹಿಡಿದುಕೊಂಡು ಮನೆ ಮನೆ ತಿರುಗಿದಳು. ಇದನ್ನು ಇಟ್ಟುಕೊಂಡು ಹಿಟ್ಟು ಕೊಡಿ ಎಂದು ಬೇಡಿದಳು. ಎಲ್ಲರೂ ಏನೇನೋ ನೆಪ ಹೇಳಿ ಬಾಗಿಲು ಮುಚ್ಚಿದರು. ಕಡೆಗೆ ಒಬ್ಬ ಮರುಕಗೊಂಡು ಹಾರವನ್ನು ಪಡೆದು ಒಂದು ಮೂಟೆ ಹಿಟ್ಟು ಕೊಟ್ಟ. ದಾರಿಯಲ್ಲಿ ಕಳ್ಳಕಾಕರ ಭಯವಿತ್ತು. ಅದರಲ್ಲೇ ಒಂದು ಪಾಲನ್ನು ಕೂಲಿಯಾಗಿ ಕೊಟ್ಟು ಕಾವಲಿನವರನ್ನು ಜೊತೆಗೆ ಕರೆದುಕೊಂಡು ಹೊರಟಳು. ಕೈರೋವಿನ ಜುವೈಲಾ ಬಾಗಿಲು ಬಂದಿತು. ಇನ್ನು ಭಯವಿಲ್ಲವೆಂದುಕೊಂಡು ಮೂಟೆಯನ್ನು ತಾನೇ ಹೊತ್ತು ನಾಲ್ಕು ಹೆಜ್ಜೆ ನಡೆದಳೋ ಇಲ್ಲವೋ, ಜನ ಮುತ್ತಿಕೊಂಡು ಮೂಟೆಯನ್ನು ಹರಿದು ಸೂರೆ ಮಾಡಿದರು. ಆ ಗೌಡಸಾನಿ ಏನು ಮಾಡಿದಳು ಗೊತ್ತೆ? ತನ್ನದೇ ಹಿಟ್ಟನ್ನು ತಾನೂ ಜನರ ನಡುವೆ ನುಗ್ಗಿ ಸೂರೆ ಮಾಡಿದಳು! ಕೈಗೆ ಸಿಕ್ಕಿದ ಹಿಡಿ ಹಿಟ್ಟನ್ನು ನಾದಿ ಒಂದು ರೊಟ್ಟಿ ಸುಟ್ಟುಕೊಂಡಳು. ತಿನ್ನಲಿಲ್ಲ. ನೆಟ್ಟಗೆ ಅರಮನೆಯ ಬಾಗಿಲಿಗೆ ಹೋಗಿ, ಎತ್ತರದ ಜಾಗದಲ್ಲಿ ನಿಂತು, ರೊಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಕೂಗಿದಳು. ಕೈರೋವಿನ ಜನರೇ, ನಮ್ಮ ಒಡೆಯ ಮುಸ್ತನ್ಸಿರನಿಗೆ ಒಳ್ಳೆಯದಾಗಲೆಂದು ಹರಸಿರಿ, ಆತನ ಸುಖದ ಆಳ್ವಿಕೆಯಲ್ಲಿ ಈ ಒಂದು ರೊಟ್ಟಿ ನನಗೆ ಸಾವಿರ ದಿನಾರಿಗೆ ದೊರೆಯಿತು ಎಂದಳು.

ಮಾತು ಖಲೀಫನ ಕಿವಿಗೆ ಬಿತ್ತು, ತಕ್ಕಮಟ್ಟಿಗೆ ನಾಟಿತು ಕೂಡ. ಪೇಟೆಗೆ ರೊಟ್ಟಿ ಬರದಿದ್ದರೆ ನಿನ್ನ ತಲೆ ಹೋಗುತ್ತದೆ ಎಂದು ಆತ ನಗರದ ಅಧಿಪತಿಯನ್ನು ಗದರಿಸಿದ. ಅಧಿಪತಿ ಸೆರೆಮನೆಯಿಂದ ಮರಣದಂಡನೆಗೆ ಗುರಿಯಾಗಿದ್ದ ಕೆಲವು ಕೈದಿಗಳನ್ನು ತರಿಸಿದ. ಅವರಿಗೆ ದೊಡ್ಡ ವರ್ತಕರಂತೆ ಅಗಲ ತೋಳಿನ ನಿಲುವಂಗಿ, ದುಂಡು ರುಮಾಲು ತೊಡಿಸಿದ. ಊರಿನ ಧಾನ್ಯದ ವರ್ತಕರು, ಹಿಟ್ಟು ಬೀಸುವವರು, ರೊಟ್ಟಿ ಸುಡುವವರು ಎಲ್ಲರನ್ನೂ ಸಭೆಗೆ ಕರೆಸಿ ಕೂರಿಸಿದ. ಆಮೇಲೆ ಈ ವೇಷದ ವರ್ತಕರಲ್ಲಿ ಒಬ್ಬನನ್ನು ಕರೆದು, ಧಾನ್ಯವನ್ನು ಬಚ್ಚಿಟ್ಟು ಜನರನ್ನು ಕೊಂದೆಯಲ್ಲವೇ ಎಂದು ಗದರಿ ಅಲ್ಲಿಯೇ ತಲೆ ಕಡಿಸಿದ. ಹೀಗೆ ಇನ್ನೊಬ್ಬನೂ ಹೋದ. ಕುಳಿತಿದ್ದ ನಿಜವಾದ ವರ್ತಕರು ನಡುಗುತ್ತ ಎದ್ದು, ಸ್ವಾಮಿ, ಇಷ್ಟು ಸಾಕು, ಕಣಜ ತೆಗೆಯುತ್ತೇವೆ, ಒಂದು ದಿರ್ಹಮಿಗೆ ಒಂದು ರತ್ಲ್ ತೂಕದ ರೊಟ್ಟಿ ಮಾರುತ್ತೇವೆ ಎಂದರು. ಅಷ್ಟು ಸಾಲದು ಎಂದ ಅಧಿಪತಿ. ಹಾಗಾದರೆ ಎರಡು ರತ್ಲ್ ಎಂದರು.

ಆ ಉಪಾಯವನ್ನು ನಾನು ಹೊಗಳುತ್ತಿದ್ದೇನೆಂದು ಯಾರೂ ಪತ್ರ ಬರೆಯಬೇಡಿ. ನನ್ನ ಮಾತು ಇಷ್ಟೇ: ಧಾನ್ಯ ಊರಿನಲ್ಲಿಯೇ ಇತ್ತು. ಏಳು ವರ್ಷ ಬಡಿದ ಕ್ಷಾಮದ ನಡುವೆಯೂ ಒಂದು ದಿನದ ಸಭೆ ಮುಗಿಯುವಷ್ಟರಲ್ಲಿ ಕಣಜಗಳ ಬಾಗಿಲು ತೆರೆಯಿತು. ಹೊಳೆಯ ನೀರು ಆ ದಿನ ಒಂದಂಗುಲವೂ ಏರಿರಲಿಲ್ಲ.

ಇನ್ನು ಮಕ್ರೀಜಿಯ ಸ್ವಂತ ಕಾಲಕ್ಕೆ ಬರೋಣ. 1403ರಲ್ಲಿ ನೈಲ್ ಸಾಕಷ್ಟು ಏರಲಿಲ್ಲ. ಬೆಲೆಗಳು ಮುಗಿಲು ಮುಟ್ಟಿದವು. ದೈವೇಚ್ಛೆ ಎಂದು ಜನ ಕೈಚೆಲ್ಲಿ ಕುಳಿತಾಗ, ಈತ ಮೂರು ಕಾರಣಗಳನ್ನು ಮುಂದಿಟ್ಟ. ಮಂತ್ರಿ ಪದವಿಯಿಂದ ಹಿಡಿದು ನ್ಯಾಯಾಧೀಶನ ಪೀಠದವರೆಗೆ ಎಲ್ಲವೂ ಲಂಚಕ್ಕೆ ಬಿಕರಿಯಾಗುತ್ತಿದ್ದವು. ಸಾಲ ಮಾಡಿ ಹುದ್ದೆ ಕೊಂಡವನು ಆ ಸಾಲವನ್ನು ರೈತನ ಬೆನ್ನ ಮೇಲೆ ವಸೂಲು ಮಾಡುತ್ತಿದ್ದ. ಭೂಮಿಯ ಗೇಣಿ, ಬೀಜ, ಕೂಲಿ ಎಲ್ಲವೂ ಏರಿ ಹೊಲಗಳು ಬೀಳುಬಿದ್ದವು. ಮೂರನೆಯದು ತಾಮ್ರದ ಕಾಸು, ಫುಲೂಸ್. ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಬರ್ಕೂಕನ ಆಳ್ವಿಕೆಯಲ್ಲಿ ಮಹಮೂದ್ ಇಬ್ನ್ ಅಲೀ ಎಂಬ ಅಧಿಕಾರಿ ಯುರೋಪಿನಿಂದ ತಾಮ್ರ ತರಿಸಿ ರಾಶಿ ರಾಶಿಯಾಗಿ ಕಾಸು ಅಚ್ಚು ಹಾಕಿಸಿದ. ಟಂಕಸಾಲೆಯಲ್ಲಿ ಬೆಳ್ಳಿಯ ದಿರ್ಹಮ್ ಹೊರಡುವುದು ನಿಂತಿತು. ಇದ್ದ ದಿರ್ಹಮುಗಳನ್ನು ಜನ ಕರಗಿಸಿ ಒಡವೆ ಮಾಡಿಸಿಕೊಂಡರು. ಉಳಿದದ್ದು ತಾಮ್ರ ಮಾತ್ರ. ಚಿನ್ನ ಬೆಳ್ಳಿಗಳ ಲೆಕ್ಕದಲ್ಲಿ ನೋಡಿದರೆ ಸಾಮಾನುಗಳ ಬೆಲೆ ಹೆಚ್ಚೇನೂ ಏರಿಲ್ಲ, ಏರಿರುವುದು ತಾಮ್ರದ ಲೆಕ್ಕದಲ್ಲಿ ಎಂದು ಮಕ್ರೀಜಿ ತೋರಿಸಿಕೊಟ್ಟ. ಕೆಟ್ಟ ಹಣ ಒಳ್ಳೆಯ ಹಣವನ್ನು ಓಡಿಸುತ್ತದೆ ಎಂಬ ತತ್ವಕ್ಕೆ ಪಠ್ಯಪುಸ್ತಕಗಳು ಗ್ರೇಶಾಮ್ ಎಂಬ ಇಂಗ್ಲಿಷ್ ವರ್ತಕನ ಹೆಸರನ್ನು ಇಟ್ಟಿವೆ. ಆತ ಹುಟ್ಟಿದ್ದು 1519ರಲ್ಲಿ!

ಈ ಬೆಲೆಯೇರಿಕೆಯಿಂದ ಯಾರು ಬದುಕಿದರು, ಯಾರು ಬೀದಿಗೆ ಬಿದ್ದರು ಎಂಬುದನ್ನೂ ಆತ ಸಮಾಜವನ್ನು ಏಳು ವರ್ಗಗಳಾಗಿ ವಿಂಗಡಿಸಿ ವಿವರಿಸಿದ್ದಾನೆ. ನಿಗದಿಯಾದ ವೇತನವನ್ನು ನಂಬಿದ ವಿದ್ವಾಂಸರು, ವಿದ್ಯಾರ್ಥಿಗಳು ಹೆಚ್ಚು ನವೆದರು ಎನ್ನುತ್ತಾನೆ. ಪಿಂಚಣಿದಾರ ಕೇಳುಗರಿಗೆ ಇದರ ವ್ಯಾಖ್ಯಾನ ಬೇಕಿಲ್ಲ. ಆಕಾಶವನ್ನು ದೂರಬೇಡಿ, ಟಂಕಸಾಲೆಯ ಕಡೆ ನೋಡಿ ಎಂಬುದೇ ಇಲ್ಲಿಯೂ ಆತನ ಮಾತು.

ಕಾಲ ಕಡಿಮೆಯಿದೆ, ಉಳಿದ ಮಹನೀಯರನ್ನು ಬೇಗನೆ ಹೇಳಿ ಮುಗಿಸುತ್ತೇನೆ. 1111ರಲ್ಲಿ ತೀರಿಕೊಂಡ ಅಲ್ ಗಜಾಲಿ, ಹಣವೆಂದರೆ ಕನ್ನಡಿ, ತನಗೆ ಬಣ್ಣವಿಲ್ಲದಿದ್ದರೂ ಎಲ್ಲ ಬಣ್ಣಗಳನ್ನೂ ತೋರಿಸುತ್ತದೆ, ಅದನ್ನು ಕೂಡಿಟ್ಟವನು ನ್ಯಾಯ ಹೇಳುವವನನ್ನೇ ಸೆರೆಯಲ್ಲಿಟ್ಟಂತೆ ಎಂದ. ಡಮಾಸ್ಕಸ್ಸಿನ ಇಬ್ನ್ ತೈಮಿಯ್ಯಾ, ಸರಕು ಕಡಿಮೆಯಾಗಿಯೋ ಕೊಳ್ಳುವವರು ಹೆಚ್ಚಾಗಿಯೋ ಬೆಲೆ ಏರಿದ್ದರೆ ವರ್ತಕನನ್ನು ಬಲವಂತಪಡಿಸುವುದು ಅನ್ಯಾಯ, ಆದರೆ ಬಚ್ಚಿಟ್ಟು ಏರಿಸಿದ್ದರೆ ಸುಮ್ಮನಿರುವುದೇ ಅನ್ಯಾಯ ಎಂದು ಎರಡನ್ನೂ ಬೇರ್ಪಡಿಸಿ ತೋರಿಸಿದ. ಇನ್ನು ಇಬ್ನ್ ಖಲ್ದೂನ್. ಆತ 1377ರಲ್ಲಿ ಬರೆದ ಗ್ರಂಥಕ್ಕೆ ಇಡೀ ಒಂದು ಭಾಷಣ ಬೇಕು. ರಾಜ್ಯದ ಆರಂಭದಲ್ಲಿ ತೆರಿಗೆಯ ದರ ಕಡಿಮೆ, ಬೊಕ್ಕಸದ ಆದಾಯ ಹೆಚ್ಚು. ಅಂತ್ಯಕಾಲದಲ್ಲಿ ದರ ಹೆಚ್ಚು, ಆದಾಯ ಕಡಿಮೆ ಎಂದು ಆತ ಬರೆದಿದ್ದನ್ನು 1981ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಪತ್ರಕರ್ತರ ಮುಂದೆ ಉದ್ಧರಿಸಿದರು. ಮಕ್ರೀಜಿ ಕೈರೋವಿನಲ್ಲಿ ಈತನ ಪಾಠಗಳನ್ನು ಕೇಳಿದ ಶಿಷ್ಯ.

ಅರಸನಾದವನು ವ್ಯಾಪಾರಕ್ಕೆ ಇಳಿಯಬಾರದು, ಇಳಿದರೆ ವರ್ತಕರೂ ಹಾಳು, ತೆರಿಗೆಯೂ ಹಾಳು ಎಂದು ಆ ಗುರು ಎಚ್ಚರಿಸಿದ್ದ. ಆತ ತೀರಿಕೊಂಡದ್ದು 1406ರಲ್ಲಿ. ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಸುಲ್ತಾನ್ ಬರ್ಸ್‌ಬಾಯ್ ಅದನ್ನೇ ಮಾಡಿದ. ನಮ್ಮ ಪಶ್ಚಿಮ ಕರಾವಳಿಯಿಂದ ಕೆಂಪು ಸಮುದ್ರದ ಮಾರ್ಗವಾಗಿ ಈಜಿಪ್ಟಿಗೆ ಹೋಗುತ್ತಿದ್ದ ಕಾಳುಮೆಣಸಿನ ವ್ಯಾಪಾರವನ್ನು ತನ್ನ ಮುಷ್ಟಿಗೆ ತೆಗೆದುಕೊಂಡು, ತಾನು ಹೇಳಿದ ಬೆಲೆಗೇ ವೆನಿಸ್ಸಿನವರು ಕೊಳ್ಳಬೇಕೆಂದು ಕಟ್ಟಪ್ಪಣೆ ಮಾಡಿದ. ಕೈರೋವಿನಲ್ಲಿ ಇನ್ನೂ ಬದುಕಿದ್ದ ಮಕ್ರೀಜಿ ಇದನ್ನೆಲ್ಲ ಕಣ್ಣಾರೆ ಕಂಡು, ಆ ಸುಲ್ತಾನನ ದುರಾಸೆಯನ್ನು ಕುರಿತು ತನ್ನ ಚರಿತ್ರೆಯಲ್ಲಿ ಯಾವ ದಾಕ್ಷಿಣ್ಯವೂ ಇಲ್ಲದೆ ಬರೆದಿಟ್ಟ. ನಮಸ್ಕಾರ.